ಮೇಸ್ತ್ರಿಯ ಮುಂದೆ ಕೆಮ್ಮದ ಲಾರಿ

ಪೂರ್ತಿ ಕೆಟ್ಟು ನಿಂತ ಗಾಡಿಯಷ್ಟು ಸಭ್ಯವಾದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ ಎಂಬುದು ಈಚೆಗೆ ನಾನು ತಲುಪಿರುವ ತೀರ್ಮಾನ. ಅದು ರಸ್ತೆ ಪಕ್ಕದಲ್ಲಿ ನಿಂತು, ನನ್ನಿಂದ ಇನ್ನಾಗದು ಎಂದು ನೇರವಾಗಿ ಹೇಳಿಬಿಡುತ್ತದೆ. ನಾವೂ ಇಳಿದು, ಚಕ್ರಕ್ಕೊಂದು ಕಲ್ಲು ಕೊಟ್ಟು, ಮೇಸ್ತ್ರಿಗೆ ಫೋನ್ ಮಾಡಿ, ಬೇವಿನ ನೆರಳು ಹುಡುಕಿಕೊಂಡು ಕೂರುತ್ತೇವೆ. ಮನಸ್ಸು ನಿರಾಳ. ಆದರೆ ಒಂದು ಗಳಿಗೆ ಕೆಟ್ಟು ಮರುಗಳಿಗೆ ಏನೂ ಆಗಿಲ್ಲವೆಂಬಂತೆ ಓಡುವ ಗಾಡಿ ಇದೆಯಲ್ಲ, ಅದು ಮನುಷ್ಯರನ್ನು ಮನುಷ್ಯರ ಮೇಲೆ ಎತ್ತಿಕಟ್ಟುತ್ತದೆ. ಅಂಥದೊಂದು ಹಳೆಯ ಲಾರಿ ನನ್ನ ಬಳಿ ಇದೆ. ಅದರ ಕಾಯಿಲೆ ಹುಡುಕುವ ಗಡಿಬಿಡಿಯಲ್ಲಿ, ಹನ್ನೊಂದು ವರ್ಷದಿಂದ ಜೊತೆಗಿದ್ದ ಡ್ರೈವರ್ ಹೊನ್ನೂರಪ್ಪನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಲಾರಿ ಇನ್ನೊಂದು ಸಿಗುತ್ತದೆ. ಹೊನ್ನೂರಪ್ಪ ಇನ್ನೊಬ್ಬ ಸಿಗುವುದಿಲ್ಲ.

ಹೊಸಪೇಟೆಯಲ್ಲಿ ನನ್ನದೊಂದು ಮಂಡಕ್ಕಿ ಭಟ್ಟಿ. ಕಂಪ್ಲಿಯಿಂದ ಭತ್ತ ತರುವುದು, ಹುರಿದು ಮಂಡಕ್ಕಿ ಮಾಡುವುದು, ಅದನ್ನು ಸಂಡೂರು, ತೋರಣಗಲ್ಲು, ದೋಣಿಮಲೈ ಕಡೆಯ ಅಂಗಡಿಗಳಿಗೆ ಮುಟ್ಟಿಸುವುದು. ಒಂದೇ ಭಟ್ಟಿ ಇರುವವನನ್ನು ಸಾಹುಕಾರ ಅನ್ನಬಾರದು, ಆದರೆ ಹೊನ್ನೂರಪ್ಪ ಮೊದಲ ದಿನವೇ ಹಾಗೆ ಕರೆದುಬಿಟ್ಟ, ನಾನೂ ಬೇಡವೆನ್ನಲಿಲ್ಲ. ಮಂಡಕ್ಕಿಯ ಲೋಡು ಎಂದರೆ ನಿಮಗೆ ಗೊತ್ತೇ ಇದೆ. ನೋಡುವುದಕ್ಕೆ ಬೆಟ್ಟ, ತೂಕಕ್ಕೆ ಗಾಳಿ. ಅಂಥ ಗಾಳಿಯನ್ನು ಹೊತ್ತುಕೊಂಡು ಸಂಡೂರಿನ ಏರಿನಲ್ಲಿ ನನ್ನ ಲಾರಿ ಕೆಮ್ಮತೊಡಗಿತು. ಮೇಸ್ತ್ರಿಗಳು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ಓಡುತ್ತಿರುವ ಇಂಜಿನ್ ಇದ್ದಕ್ಕಿದ್ದಂತೆ ಒಂದು ಹೆಜ್ಜೆ ತಪ್ಪಿ, ಮುಗ್ಗರಿಸಿ, ಸಾವರಿಸಿಕೊಂಡು ಮತ್ತೆ ಓಡುವುದು. ಹಿಂದೆ ಅದಿರು ತುಂಬಿದ ದೊಡ್ಡ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುವಾಗ, ಮಂಡಕ್ಕಿ ಹೊರಲಾರದೆ ಏದುಸಿರು ಬಿಡುವ ಗಾಡಿಯಲ್ಲಿ ಕೂತಿರುವುದು ಮರ್ಯಾದಸ್ಥರಿಗೆ ಸಹಿಸುವ ಮಾತಲ್ಲ.

ಮಾಬುಸಾಬ್ ನಮ್ಮ ಕಡೆಯ ಹಿರಿಯ ಮೇಸ್ತ್ರಿ. ಬಾನೆಟ್ ಎತ್ತಿದ ಮೇಲೆ ಮೊದಲು ಕೈಕಟ್ಟಿ ನಿಂತು ಇಂಜಿನ್ ಹೇಳುವುದನ್ನು ಕೇಳಿಸಿಕೊಂಡು, ಆಮೇಲೆ ಸ್ಪ್ಯಾನರ್ ಮುಟ್ಟುವವರು. ಅವರ ಮುಂದೆ ನನ್ನ ಲಾರಿ ಏನು ಮಾಡಿತು ಗೊತ್ತೇ? ಮನೆಯಲ್ಲಿ ದಿನವಿಡೀ ಹಾಡುವ ಮಗು ನೆಂಟರ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳುತ್ತದಲ್ಲ, ಹಾಗೆ ಒಂದೇ ಒಂದು ಸಲವೂ ಕೆಮ್ಮಲಿಲ್ಲ. ನಾನೇ ಬಾಯಿಂದ ಆ ಸದ್ದು ಮಾಡಿ ತೋರಿಸಿದೆ. ಮಾಬುಸಾಬ್ ಗಂಭೀರವಾಗಿ ಕೇಳಿಸಿಕೊಂಡು, "ಇದು ನಿಮ್ಮ ಕೆಮ್ಮಾತು. ಗಾಡೀದು ಕೇಳಬೇಕ್ರಿ ನಾನು" ಎಂದರು.

ಆದರೂ ಅವರು ಸುಮ್ಮನಿರಲಿಲ್ಲ. ಲಾರಿ ಹಳೆಯದಾದರೂ ಅದರ ಇಂಜಿನ್‌ಗೆ ಡೀಸೆಲ್ ಅಳೆದು ಚಿಮ್ಮಿಸುವುದು ಒಂದು ಪುಟ್ಟ ಕಂಪ್ಯೂಟರ್. ಪೈಪಿನಲ್ಲಿ ಡೀಸೆಲ್ ಎಷ್ಟು ಒತ್ತಡದಲ್ಲಿದೆ ಎಂದು ಅದಕ್ಕೆ ವರದಿ ಒಪ್ಪಿಸಲು ಒಂದು ಸೆನ್ಸರ್. ಸ್ಕ್ಯಾನರ್ ಹಚ್ಚಿ ನೋಡಿದರೆ, ಆ ಸೆನ್ಸರ್ ಯಾವಾಗಲೋ ಒಮ್ಮೆ ಸುಳ್ಳು ಹೇಳಿದ ಗುರುತು ಮಾತ್ರ ಇತ್ತು. ಫಿಲ್ಟರ್ ಬದಲಾಯಿಸಿದೆವು. ಟ್ಯಾಂಕ್ ಇಳಿಸಿ ತೊಳೆದೆವು. ಕೊನೆಗೆ ಆ ಸೆನ್ಸರನ್ನೇ ಕಿತ್ತು ಹೊಸದು ಹಾಕಿದೆವು. ಪ್ರತಿ ಸಲವೂ ಮೂರು ವಾರ ಗಾಡಿ ಬಂಗಾರದಂತೆ ಓಡುತ್ತಿತ್ತು. ನಾನು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ. ಅಷ್ಟರಲ್ಲಿ ಮತ್ತೆ ಸಂಡೂರಿನ ಏರು, ಮತ್ತೆ ಕೆಮ್ಮು. ನಾಲ್ಕೈದು ದಿನ ಸರಬರಾಜಿನ ಅವಸರ ಮುಗಿಸಿ ಮಾಬುಸಾಬರ ಬಳಿ ಒಯ್ಯುವ ಹೊತ್ತಿಗೆ ಗಾಡಿ ಮತ್ತೆ ಸಾಧು.

ಹೊಸಪೇಟೆಯಲ್ಲಿ ಇಂಜಿನ್ ಬಗ್ಗೆ ಅಭಿಪ್ರಾಯ ಇಲ್ಲದವರು ಇನ್ನೂ ಹುಟ್ಟಿಲ್ಲ. ಕ್ಷೌರಕ್ಕೆ ಹೋದರೆ, ಗಲ್ಲಕ್ಕೆ ಕತ್ತಿ ಹಿಡಿದುಕೊಂಡೇ ಒಬ್ಬರು ಡೀಸೆಲ್‌ನಲ್ಲಿ ನೀರು ಸೇರಿದೆ ಎಂದರು. ಆ ಸ್ಥಿತಿಯಲ್ಲಿ ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಕಮಲಾಪುರದಲ್ಲಿ ಬಾಳೆ ತೋಟ ಇಟ್ಟಿರುವ ನನ್ನ ಹೆಂಡತಿಯ ತಮ್ಮ ಲಾರಿಯನ್ನು ಒಂದು ಸುತ್ತು ಬಂದು, "ಮಾವಾ, ಇದಕ್ಕ ಮಂದಿ ಕಣ್ಣು ಬಿದ್ದೈತಿ. ಪೂಜಿ ಇನ್ನಾ ಜೋರ್ ಮಾಡು" ಎಂದ. ಹದಿನಾಲ್ಕು ವರ್ಷ ಹಳೆಯದಾದ, ಒಂದು ದೀಪ ಒಡೆದ ಈ ಲಾರಿಯನ್ನು ಆಸೆಗಣ್ಣಿನಿಂದ ನೋಡುವ ಆ ನತದೃಷ್ಟ ಯಾರಿರಬಹುದು ಎಂದು ನಾನು ಯೋಚಿಸಲಿಲ್ಲ. ಪೂಜೆ ಜೋರು ಮಾಡಿದೆ.

ಪೂಜೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ದಿನ ಗಾಡಿ ಹೂಡುವುದಿಲ್ಲ. ಎತ್ತುಗಳ ಕಾಲದಿಂದ ಬಂದ ಪದ್ಧತಿ ಇದು. ನಮ್ಮಪ್ಪ ಆ ದಿನ ಎತ್ತುಗಳನ್ನು ಕಾಲುವೆಗೆ ಇಳಿಸಿ, ಕೊಂಬಿನಿಂದ ಗೊರಸಿನವರೆಗೆ ತಿಕ್ಕಿ ತೊಳೆದು, ಹಣೆಗೆ ವಿಭೂತಿ ಹಚ್ಚಿ, "ಇವತ್ತು ನಿಮ್ಮ ದಿನ, ಕುಂದ್ರಪ್ಪಾ" ಎಂದು ನೆರಳಿಗೆ ಕಟ್ಟುತ್ತಿದ್ದರು. ಎತ್ತು ಹೋಗಿ ಲಾರಿ ಬಂದರೂ ಆ ಪ್ರೀತಿಯನ್ನು ನಾನು ಬಿಟ್ಟಿಲ್ಲ. ಬೇರೆ ಯಾವ ಕೆಲಸಕ್ಕೂ ಬಗ್ಗದ ಸೊಂಟ ಅವತ್ತು ಬಗ್ಗುತ್ತದೆ. ಬಾನೆಟ್ ಎತ್ತಿ, ಪೈಪು ಹಿಡಿದು, ಇಂಜಿನ್ನಿನ ಸಂದುಗೊಂದುಗಳನ್ನೆಲ್ಲ ಸ್ವಂತ ಕೈಯಿಂದ ತೊಳೆಯುತ್ತೇನೆ. ಕಣ್ಣಿಗೆ ಬಿದ್ದ ಡಬ್ಬಿ, ನಳಿಗೆಗಳಿಗೆಲ್ಲ ಮೂರು ಬೆರಳಿನ ವಿಭೂತಿ, ಅದರ ಮೇಲೆ ಕುಂಕುಮ. ಕಾಯಿ ಒಡೆದು ಅದರ ನೀರನ್ನು ಎಲ್ಲ ಕಡೆಗೂ ಸಮನಾಗಿ ಚಿಮುಕಿಸುತ್ತೇನೆ. ಒಂದು ಭಾಗಕ್ಕೆ ಸಿಕ್ಕು ಇನ್ನೊಂದಕ್ಕೆ ಸಿಗದಿದ್ದರೆ ಅನ್ಯಾಯವಲ್ಲವೇ. ಹೊನ್ನೂರಪ್ಪ ಮಾತ್ರ ದೂರ ನಿಂತು, "ಸಾಕ್ರೀ ಸಾವ್ಕಾರ್ರ, ನೆಗಡಿ ಆದೀತು ಅದಕ್ಕ" ಎನ್ನುತ್ತಿದ್ದ. ಅವನಿಗೆ ಭಕ್ತಿ ಕಡಿಮೆ ಎಂದು ನಾನು ತಿಳಿದಿದ್ದೆ.

ಜೋರು ಪೂಜೆಯ ಮರುದಿನ ಲಾರಿ ಹಿಂದೆಂದೂ ಇಲ್ಲದಷ್ಟು ಕೆಮ್ಮಿತು. ಏರಿನಲ್ಲಿ ಎರಡು ಸಲ ನಿಂತೇಹೋಯಿತು. ಪಕ್ಕದಲ್ಲಿ ಕೂತು ಕುದಿಯುತ್ತಿದ್ದ ನಾನು ಸಂಡೂರಿನ ಚಹಾದಂಗಡಿ ಮುಂದೆ ಇಳಿದೆ. ನಮ್ಮ ಗಿರಾಕಿಗಳು, ಬೇರೆ ಡ್ರೈವರ್‌ಗಳು, ಎಲ್ಲರೂ ಇದ್ದರು. ಯಾರೋ, "ಏನ್ರಿ, ಇವತ್ತೂ ಕೆಮ್ಮೇನ್ರಿ" ಎಂದು ನಕ್ಕರು. ನಗುವಿನ ಮುಂದೆ ನನ್ನ ಬುದ್ಧಿ ನಿಲ್ಲುವುದಿಲ್ಲ. "ಗಾಡಿಗೇನಾಗಿಲ್ಲ ಬಿಡ್ರಿ. ಎಲ್ಲಾ ಹೊಸಾದು ಹಾಕ್ಸೀನಿ. ಇವನ ಕಾಲಿಗೆ ವಯಸ್ಸಾಗೈತಿ" ಎಂದುಬಿಟ್ಟೆ.

ಹೊನ್ನೂರಪ್ಪ ಚಹಾದ ಲೋಟವನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟ. ಮಂಡಕ್ಕಿ ಎಲ್ಲ ಇಳಿಸಿ, ನನ್ನನ್ನು ಹೊಸಪೇಟೆಗೆ ತಂದು ಬಿಟ್ಟ. ಭಟ್ಟಿಯ ಗದ್ದುಗೆಯ ಮೇಲೆ ಕೀಲಿ ಇಟ್ಟು ಹೇಳಿದ: "ನನ್ ಕಾಲಿಗೆ ವಯಸ್ಸಾಗಿದ್ರ ಕೂಲಿ ಮಂದಿ ಬಸ್ ನಡ್ಸಾಕ ಕರೀತಿರ್ಲಿಲ್ರಿ ತೋರಣಗಲ್ನಾಗ. ಮುಂದಿನ ತಿಂಗ್ಳು ಅಲ್ಲಿಗೆ ಹೊಕ್ಕೀನಿ." ಹೊರಟುಹೋದ. ಬಾಡಿಗೆ ಡ್ರೈವರ್‌ಗಳು ಮೂವರು ಬಂದು ಹೋದರು. ಒಬ್ಬನಿಗೂ, ಮಂಡಕ್ಕಿ ಚೀಲ ನೆನೆಯದಂತೆ ತಾಡಪತ್ರಿ ಕಟ್ಟುವ ಅವನ ಗಂಟು ಬರಲಿಲ್ಲ.

ಮನೆಯಲ್ಲಿ ಗಿರಿಜಾ, ಅಂದರೆ ನನ್ನ ಹೆಂಡತಿ, ಕೆಲವು ದಿನ ನನ್ನ ಮುಖ ನೋಡಿದಳು. ಹಾಲಿನ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವ ಅಭ್ಯಾಸ ಅವಳಿಗೆ. ಅದರಲ್ಲೇ ಕೆಲವು ದಿನಗಳಿಗೆ ಸಣ್ಣ ಕಾಟು, ಅಂದರೆ ಅಡ್ಡಗೆರೆಯ ಗುರುತು, ಹಾಕಿದ್ದಳು. ಏನದು ಎಂದು ಕೇಳಿದೆ.

"ನೀವು ಗಾಡಿ ಸಿಟ್ಟು ತಂದು ನನ್ ಮ್ಯಾಲ ಹಾಕಿದ ದಿನ. ಐದು ತಿಂಗಳಿಂದ ಹಾಕೀನಿ."

"ಅದನ್ನೆಲ್ಲಾ ಯಾಕ ಬರದಿಟ್ಟೀ?"

"ಎಂದಾರ ಬೇಕಾಗ್ತೈತಿ ಅಂತ. ನೋಡ್ರಿಲ್ಲಿ. ಎಲ್ಲಾ ಕಾಟೂ ಅಮಾಸಿ ಬೆನ್ನಿಗೇ ಅದಾವು."

ನೋಡಿದೆ. ಅಮಾವಾಸ್ಯೆಯ ಕರಿ ಚುಕ್ಕೆಯ ಪಕ್ಕದಲ್ಲಿ ಪ್ರತಿ ತಿಂಗಳೂ ಕಾಟುಗಳ ಮೆರವಣಿಗೆ. ಇದು ಗಾಳಿಯ ಕಾಟವೇ ಇರಬೇಕು ಎಂದು ನಾನು ಪಿಸುಗುಟ್ಟಿದೆ. "ಗಾಳೀನೋ ನೀರೋ, ಅಮಾಸಿ ದಿನಾನ ಒಯ್ದು ಮಾಬುಸಾಬರಿಗೆ ತೋರ್ಸ್ರಿ. ಒಂದ್ ದಿನ ಹೂಡಿದ್ರ ಎತ್ತಿಗೇನ್ ನೋವಾಗಂಗಿಲ್ಲ, ಅದು ಲಾರಿ" ಎಂದಳು.

ಮುಂದಿನ ಅಮಾವಾಸ್ಯೆ ಪೂಜೆ ಮುಗಿಸಿ, ಹೂಮಾಲೆ ತೂಗುತ್ತಿದ್ದ ಗಾಡಿಯನ್ನು ನಾನೇ ಹೊರಗೆ ತೆಗೆದೆ. ಬೀದಿಯ ತಿರುವಿನಲ್ಲೇ ಅದು ಕೆಮ್ಮಿತು. ಮತ್ತೆ ಕೆಮ್ಮಿತು. ಆಕ್ಸಿಲರೇಟರ್ ಮೇಲಿದ್ದದ್ದು ನನ್ನ ಕಾಲು. ಆ ಕಾಲನ್ನು ಹೊನ್ನೂರಪ್ಪನ ಕಾಲು ಎಂದು ಹೇಗೆ ತಿರುಚಿ ನೋಡಿದರೂ ಸಾಧ್ಯವಾಗಲಿಲ್ಲ. ಮಾಬುಸಾಬರ ಗ್ಯಾರೇಜಿನವರೆಗಿನ ದಾರಿ ಅವತ್ತು ಕಂಪ್ಲಿಗಿಂತ ದೂರವಿತ್ತು.

ಮಾಬುಸಾಬರಿಗೆ ಮಾತ್ರ ಹಬ್ಬ. "ಕೆಮ್ತೈತಲ್ರೀ" ಎಂದು ಎದ್ದು ಬಂದರು. ಇಂಜಿನ್ ಆರಿಸಲು ಬಿಡಲಿಲ್ಲ. ಬಾನೆಟ್ ಎತ್ತಿ, ಓಡುತ್ತಿರುವ ಇಂಜಿನ್ನಿನ ವೈರುಗಳನ್ನು ಒಂದೊಂದಾಗಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಒಂದು, ಎರಡು, ಮೂರು, ಏನೂ ಇಲ್ಲ. ಹೊಸ ಸೆನ್ಸರಿಗೆ ಬಂದು ಸೇರುವ ವೈರನ್ನು ಮುಟ್ಟಿದ್ದೇ ತಡ, ಗಾಡಿ ಜೀವ ಹೋದಂತೆ ಮುಗ್ಗರಿಸಿತು. ಬಿಟ್ಟರು, ಸರಿಹೋಯಿತು. ಮುಟ್ಟಿದರು, ಮುಗ್ಗರಿಸಿತು. ಆಗ ಇಂಜಿನ್ ಆರಿಸಿ, ಆ ವೈರಿನ ತುದಿಯ ಪ್ಲಗ್ಗನ್ನು ಬಿಚ್ಚಿ ನನ್ನ ಅಂಗೈ ಮೇಲೆ ಬಗ್ಗಿಸಿದರು. ಒಂದು ಚಮಚದಷ್ಟು ಕೆಂಪು ನೀರು ಬಿತ್ತು. ಕೊಬ್ಬರಿಯ ವಾಸನೆ ಬರುತ್ತಿತ್ತು. ಒಳಗಿನ ತಾಮ್ರ ಹಸಿರುಗಟ್ಟಿ, ಅದರ ಸುತ್ತ ವಿಭೂತಿಯ ಗಸಿ. ಪ್ಲಗ್ಗನ್ನು ಬಿಗಿಯಾಗಿ ಹಿಡಿಯುವ ಕೊಂಡಿ ಯಾವಾಗಲೋ ಮುರಿದಿತ್ತು. ತಿಂಗಳಿಗೊಮ್ಮೆ ಅದಕ್ಕೆ ನೀರು ಕುಡಿಸುವುದು ನಾನು. ನಾಲ್ಕೈದು ದಿನದಲ್ಲಿ ಒಣಗಿ ಸಾಧುವಾಗುವುದು ಅದು.

ಮಾಬುಸಾಬ್ ಸೂಕ್ಷ್ಮ ಮನುಷ್ಯ. ಬಹಳ ಹೊತ್ತು ಕೈ ಒರೆಸಿಕೊಂಡು, "ಪೂಜಿ ಬ್ಯಾಡ ಅನ್ನಂಗಿಲ್ರಿ ನಾನು. ನಿಮ್ಮಪ್ಪಾರು ಎತ್ತು ತೊಳ್ಯಾದು ನೋಡೀನಿ, ಭಾಳ ಚೆಂದ ತೊಳೀತಿದ್ರು. ಆದ್ರ ಎತ್ತಿನ ಕಿವ್ಯಾಗ ನೀರು ಬಿಡ್ತಿದ್ದಿಲ್ರಿ ಅವರು" ಎಂದರು. ಹೌದು. ತೊಳೆಯುವಾಗ ಅಪ್ಪ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚುತ್ತಿದ್ದರು. ತೊಳೆಯುವುದನ್ನು ಕಲಿತ ನಾನು ಮುಚ್ಚುವುದನ್ನು ಕಲಿತಿರಲಿಲ್ಲ.

ಹೊಸ ಪ್ಲಗ್ ಹಾಕಿಸಿಕೊಂಡು ನೆಟ್ಟಗೆ ಹೊನ್ನೂರಪ್ಪನ ಮನೆಗೆ ಹೋದೆ. ಅವನು ಹೊರಗೆ ಮಂಚದ ಮೇಲೆ ಕೂತು ಟವೆಲ್ ಮಡಿಸುತ್ತಿದ್ದ. "ಬರ್ರಿ, ಕುಂದ್ರಿ" ಎಂದ. ಆದರೆ ಸಾವ್ಕಾರ್ರ ಎನ್ನಲಿಲ್ಲ. ನಡೆದದ್ದೆಲ್ಲ ಹೇಳಿದೆ. ತಪ್ಪು ನನ್ನದು, ಅಂದ ಮಾತು ವಾಪಸ್ ತೆಗೆದುಕೊಂಡೆ ಎಂದೆ. ಅವನು ಟವೆಲ್‌ನ ನಾಲ್ಕು ಮೂಲೆ ಸರಿಮಾಡಿ ಹೇಳಿದ: "ಸಂಡೂರಾಗ ಹತ್ತು ಮಂದಿ ಮುಂದ ಅಂದದ್ದು, ಇಲ್ಲಿ ನನ್ ಮನಿ ಮುಂದ ವಾಪಸ್ ತಗಂಡ್ರ ಹೆಂಗ್ರಿ? ಅಲ್ಲಿ ಬಿದ್ದದ್ದು ಅಲ್ಲೇ ಎತ್ತಬೇಕು."

ನ್ಯಾಯವಾದ ಮಾತು. ಮರುದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಗಾಡಿ ನಡೆಸಿ ಸಂಡೂರಿಗೆ ಹೋದೆ. ಅದೇ ಚಹಾದಂಗಡಿ, ಬಹುಪಾಲು ಅದೇ ಮಂದಿ. ಲಾರಿಯ ಬದಲು ನಾನೇ ಎರಡು ಸಲ ಕೆಮ್ಮಿದೆ. "ಹೊನ್ನೂರಪ್ಪನ ಕಾಲು ಸರಿಯದಾವು. ನನ್ನ ಕೈಯಾಗ ದೋಷ ಇತ್ತು. ಇಂಜಿನ್ನಿಗೆ ಕಾಯಿನೀರು ಕುಡಿಸ್ತಿದ್ದೆ ನಾನು" ಎಂದೆ. ಆಗ ಎದ್ದ ನಗು ದೋಣಿಮಲೈವರೆಗೆ ಕೇಳಿಸಿರಬೇಕು. "ಮಂಡಕ್ಕೀನೂ ತಿನ್ಸಿದ್ರೇನ್ರಿ?" ಎಂದು ಯಾರೋ ಕೇಳಿದರು. ನಗದವನು ಹೊನ್ನೂರಪ್ಪ ಒಬ್ಬನೇ. ಅವನು ಎದ್ದು ಬಂದು ನನ್ನ ಮುಂದೆ ಕೈ ಚಾಚಿ, "ಕೀಲಿ ಕೊಡ್ರಿ ಸಾವ್ಕಾರ್ರ. ಇಳಿಜಾರ್ನಾಗ ನಿಮಗ ಗೇರ್ ಬರಂಗಿಲ್ಲ" ಎಂದ.

ಆಮೇಲೆ ಬಂದ ಅಮಾವಾಸ್ಯೆ ಅವನು ಪೈಪನ್ನೂ ತಂಬಿಗೆಯನ್ನೂ ನನ್ನ ಕೈಯಿಂದ ಇಸಿದುಕೊಂಡು, ನನ್ನನ್ನು ಆರು ಹೆಜ್ಜೆ ದೂರ ನಿಲ್ಲಿಸಿ, ಕೈಗೊಂದು ಗಂಟೆ ಕೊಟ್ಟ. ಅಂದಿನಿಂದ ಲಾರಿ ಒಂದು ಸಲವೂ ಕೆಮ್ಮಿಲ್ಲ. ನನ್ನ ಗಂಟೆ ಮಾತ್ರ ಮಂಗಳಾರತಿಯ ನಡುವೆ ಒಮ್ಮೊಮ್ಮೆ ತಪ್ಪುತ್ತದೆಯಂತೆ. "ಒಂದ್ಸಲ ತಪ್ತೈತಿ, ಇನ್ನೊಂದ್ಸಲ ಸರಿ ಇರ್ತೈತಿ, ಏನಂತ ತಿಳಿವಲ್ದು" ಎಂದು ಅವನೂ ಗಿರಿಜಾಳೂ ಚರ್ಚೆ ಮಾಡುತ್ತಿದ್ದಾರೆ. ಈ ತಿಂಗಳಿಂದ ಗಂಟೆಯ ಕಾಟು ಹಾಕಲು ಅವಳು ಕ್ಯಾಲೆಂಡರಿನಲ್ಲಿ ಬೇರೆ ಬಣ್ಣದ ಪೆನ್ನು ಹಿಡಿದಿದ್ದಾಳೆ.