ಎರವಲು ಗಂಟು ಹೊತ್ತು ಬಂಡೆ ಹತ್ತಿದ್ದು

ಪ್ರಯಾಣಕ್ಕೆ ಗಂಟು ಕಟ್ಟುವ ವಿದ್ಯೆ ನನಗೆ ಬರುವುದಿಲ್ಲ. ಇಷ್ಟು ವರ್ಷ ಅದು ನನ್ನ ಹೆಂಡತಿ ಜಯಮ್ಮನ ಇಲಾಖೆಯಾಗಿತ್ತು. ನಾನು ಚೀಲ ಹೊತ್ತುಕೊಂಡು ಹೋಗುತ್ತಿದ್ದೆ; ಒಳಗೇನಿದೆ ಎಂಬುದು ಬಿಚ್ಚಿದಾಗ ತಿಳಿಯುತ್ತಿತ್ತು. ಕಳೆದ ಆಷಾಢದಲ್ಲಿ ಅವಳು ತೀರಿಕೊಂಡಳು. ತಾನು ಹೋಗುವಾಗ ಮಾತ್ರ ಏನನ್ನೂ ಕಟ್ಟಿಕೊಳ್ಳಲಿಲ್ಲ. ಆಮೇಲೆ ನಾನು ಮದ್ದೂರಿನ ಮನೆ ಮತ್ತು ಸ್ಕೂಲು ಬಿಟ್ಟು ಎಲ್ಲಿಗೂ ಹೋಗದ್ದರಿಂದ ಚೀಲದ ಪ್ರಶ್ನೆಯೇ ಬರಲಿಲ್ಲ.

ಆ ಪ್ರಶ್ನೆಯನ್ನು ತಂದವರು ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟರು. ಭಾನುವಾರ ಮೇಷ್ಟರುಗಳೆಲ್ಲ ಸೇರಿ ಮಳವಳ್ಳಿ ಕಡೆಯ ಒಂದು ದೊಡ್ಡ ಬಂಡೆ ಹತ್ತುವುದೆಂದು ಗೊತ್ತುಮಾಡಿದರು. ಹತ್ತಿಸಿ ಇಳಿಸಲು ಅಲ್ಲಿಯ ಮಾರೇಗೌಡ ಒಪ್ಪಿದ್ದ. ಪಂಚೆ ಬೇಡ, ಚಡ್ಡಿ ಇರಲಿ. ಚರ್ಮದ ಮೆಟ್ಟು ಜಾರುತ್ತದೆ, ಬರಿಗಾಲೇ ವಾಸಿ. ಸೊಂಟಕ್ಕೆ ಗಟ್ಟಿ ಹಗ್ಗ, ಕುಡಿಯಲು ನೀರು, ಅಷ್ಟೇ ಸಾಕು ಎಂದು ಹೇಳಿಕಳುಹಿಸಿದ್ದ. ಬರುತ್ತೇನೆ ಎಂದುಬಿಟ್ಟೆ.

ಸುದ್ದಿ ಕೇಳಿ ನನ್ನ ಅಕ್ಕನ ಮುಖ ಬಿಳಿಚಿತು. ತಿಥಿಗೆಂದು ಬೆಸಗರಹಳ್ಳಿಯಿಂದ ಬಂದವಳು, ನನಗೆ ಬೇಯಿಸಿ ಹಾಕಲು ಉಳಿದುಕೊಂಡಿದ್ದಳು. ಬೇಡ ಎನ್ನಲಿಲ್ಲ, ಅವತ್ತಿನಿಂದ ಬೀದಿಯೆಲ್ಲ ಸುತ್ತಿ ಎರವಲು ತರತೊಡಗಿದಳು. ಹಗ್ಗ ನಮ್ಮಲ್ಲೇ ಇತ್ತು; ಆದರೂ ಪಕ್ಕದ ಮನೆ ನಿಂಗಮ್ಮನ ಬಾವಿ ಹಗ್ಗ ಬಂತು. ನಮ್ಮ ಚೆಂಬು ಗೂಡಿನಲ್ಲೇ ಕೂತಿತು. ಪಟೇಲರ ಮನೆಯದು ಚೀಲ ಸೇರಿತು. ಇನ್ನೊಬ್ಬರ ಕೊಡೆ, ಮತ್ತೊಬ್ಬರ ಕಂಬಳಿ, ಪೋಸ್ಟ್‌ಮ್ಯಾನಿನ ಖಾಕಿ ಚಡ್ಡಿ!

ಇದೇನು ಕಥೆ ಎಂದು ಗೋಡೆಯಾಚೆಯ ನಿಂಗಮ್ಮನನ್ನು ಕೇಳಿದೆ.

"ಎಂಡ್ರು ಓದ್ಮೇಲೆ ನೀವು ಯಾರ್ ತಾವೂ ಮಾತೇ ಆಡಾಕಿಲ್ಲ ಮೇಷ್ಟ್ರೇ. ಈಗ ಬಂಡೆ ತುದೀಗ್ ಓಯ್ತೀನಿ ಅಂತೀರಿ. ತಮ್ಮ ಅಲ್ಲಿಂದ ಆರ್ಕೊಂಡ್‌ಬುಟ್ಟಾನು ಅಂತ ನಿಮ್ಮಕ್ಕಂಗೆ ಬಯ. ಎರವಲು ಸಾಮಾನು ಕೈಲಿದ್ರೆ ಕೊಡಾಕಾದ್ರೂ ವಾಪಸ್ ಬತ್ತಾನೆ ಅಂತಾವ್ಳೆ" ಎಂದಳು.

ಅಕ್ಕನ ಲೆಕ್ಕಾಚಾರ ತಪ್ಪಲ್ಲ. ನಮ್ಮಲ್ಲಿ ಎರವಲು ಪಾತ್ರೆಯನ್ನು ಬಳಸಿದವನೇ ಹಿಂದಿರುಗಿಸಬೇಕು. ಬರಿದಾಗಿ ಕೊಡಬಾರದು, ಒಳಗೊಂದು ಅಚ್ಚು ಬೆಲ್ಲವಾದರೂ ಇರಬೇಕು. ಲೋಕ ಬಿಟ್ಟವರು ನಮ್ಮ ವಂಶದಲ್ಲೂ ಇದ್ದಾರೆ. ಇನ್ನೊಬ್ಬರ ಚೆಂಬು ಹೊತ್ತುಕೊಂಡು ಬಿಟ್ಟವರು ಯಾರೂ ಇಲ್ಲ. 'ಅಂಥದ್ದೇನಿಲ್ಲ ಅಕ್ಕ' ಎಂದು ನಾನೇ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಅದಲ್ಲದೆ, ನಾನು ಬದುಕಿರಲಿ ಎಂದು ಒಬ್ಬರು ಬೀದಿಯ ಬಾಗಿಲೆಲ್ಲ ತಟ್ಟುವುದನ್ನು ನೋಡಲು ಹಿತವಾಗಿಯೂ ಇತ್ತು.

ಪೆಟ್ರೋಲಿಲ್ಲದ ಯುದ್ಧಕಾಲದ ಇದ್ದಿಲು ಬಸ್ಸು ಕೆಮ್ಮುತ್ತ ಕೆಮ್ಮುತ್ತ ನಮ್ಮನ್ನು ಬಂಡೆಯ ಹತ್ತಿರ ಇಳಿಸಿತು. ನನ್ನ ಗಂಟು ನೋಡಿ ಮಾರೇಗೌಡ ಸೊಂಟಕ್ಕೆ ಕೈಯಿಟ್ಟ. "ಏನ್ ಮೇಷ್ಟ್ರೇ, ಬಂಡೆ ಅತ್ತಾಕ್ ಬಂದ್ರೋ, ಸಂಸಾರ ಊಡಾಕ್ ಬಂದ್ರೋ?" ಮೇಷ್ಟರುಗಳೆಲ್ಲ ನಕ್ಕರು. ಎಲ್ಲವನ್ನೂ ಬುಡದಲ್ಲೇ ಇಳಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿ ಹಿಡಿದ ಮಾರೇಗೌಡನ ಹಿಂದೆ ಹೊರಟೆ.

ಅರ್ಧ ಹತ್ತಿ, ಒಂದೇ ಒಂದು ಸಲ ಕೆಳಗೆ ನೋಡಿದೆ. ಅಷ್ಟು ತಿಂಗಳಿಂದ ಯಾವುದೂ ಬೇಡವೆಂದು ಕೂತಿದ್ದ ನನ್ನ ಜೀವ ಆ ಕ್ಷಣ ಎದ್ದು ಕುಳಿತು, ಎಲ್ಲವೂ ಬೇಕು ಎಂದಿತು. ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡೆ. "ಹಗ್ಗ ಬಿಡಬೇಡ ಮಾರೇಗೌಡ, ನಿನ್ನ ದಮ್ಮಯ್ಯ!"

"ಅಗ್ಗ ಬುಡಾಕಿಲ್ಲ ಸ್ವಾಮಿ. ನೀವು ಮೊದ್ಲು ನನ್ ಕಾಲು ಬುಡಿ!"

ತುದಿಯನ್ನು ನಾನು ನೋಡಲಿಲ್ಲ. ಕೂತುಕೊಂಡೇ ಜಾರುತ್ತ ಬುಡಕ್ಕೆ ಬರುವಷ್ಟರಲ್ಲಿ ಪೋಸ್ಟ್‌ಮ್ಯಾನಿನ ಚಡ್ಡಿಯ ಹಿಂಭಾಗ ಬಂಡೆಯ ಪಾಲಾಗಿತ್ತು.

ಮದ್ದೂರಿನಲ್ಲಿ ಅಕ್ಕ ಬಸ್ ನಿಲ್ಲುವಲ್ಲೇ ಕಾಯುತ್ತಿದ್ದಳು. ಡ್ರಿಲ್ ಮೇಷ್ಟರು ನಾನು ಕಾಲು ಹಿಡಿದದ್ದನ್ನು ಅಭಿನಯಸಮೇತ ವರ್ಣಿಸಿದರು. ಅಕ್ಕ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೊನೆಗೆ ಸೆರಗಿನಿಂದ ಕಣ್ಣೊರಸಿಕೊಂಡಳು. "ಥೂ, ಎದ್ರುಪುಕ್ಲ! ನಿಂಗೆ ಸಾವು ಅಂದ್ರೆ ಈಪಾಟಿ ಬಯ ಅಂತ ಗೊತ್ತಿದ್ರೆ ಒಂದ್ ಚೆಂಬೂ ಎರವಲು ತತ್ತಿರ್ನಿಲ್ಲ ಕಣ್ಲಾ!"

ಮಾರನೆಯ ದಿನವೇ ತನ್ನ ಸೀರೆಗಳನ್ನು ಗಂಟು ಕಟ್ಟಿದಳು. "ಇನ್ ನಿನ್ನ ಕಾಯೋ ಕೆಲ್ಸ ಇಲ್ಲ ಬುಡು" ಎಂದು ಬೆಸಗರಹಳ್ಳಿ ಬಸ್ಸು ಹತ್ತಿದಳು. ಈಗ ಒಲೆಯ ಮುಂದೆ ಹೊಗೆಯಲ್ಲಿ ಕೂತು ಬೆಂಕಿ ಊದುವಾಗ ಅನ್ನಿಸುತ್ತದೆ: ಆ ಬಂಡೆಯ ಮೇಲೆ ಚೂರು ಧೈರ್ಯ ನಟಿಸಿದ್ದರೆ, ಯುಗಾದಿಯವರೆಗಾದರೂ ಅಕ್ಕನ ಕೈಯ ಸೊಪ್ಪಿನ ಸಾರು ಸಿಕ್ಕುತ್ತಿತ್ತು.