ಇಮದ ಕೆರೇಲಿ ನನ್ನ ಅರಿಗೋಲು

ಎಲ್ಲೋದ್ರೂ ನಂಗೊಂದು ಫಜೀತಿ ಕಾದ್ಕೊಂಡೇ ಕುಂತಿರ್ತದೆ ಕಣ್ರೀ. ಗಟ್ಟಿ ಆಸಾಮೀನೇ ಅದು ಉಡುಕೋದು, ಪುಕ್ಕಲರತ್ರ ಅದಕ್ಕೇನ್ ಕೆಲ್ಸ?

೧. ಪಂಥ

ತಿರುಮಕೂಡ್ಲು ಕಡವಲ್ಲಿ ಜನರ್ನ ಒಳೆ ದಾಟ್ಸೋ ಅರಿಗೋಲು ನಡೆಸ್ತಿದ್ದೋನು ನಾನು. ಕಾವೇರಿ ಕಪಿಲೆ ಸೇರೋ ಸುಳೀಲಿ ನನ್ನಂಗೆ ಉಟ್ಟು ಆಕೋನು ಬನ್ನೂರು ತಂಕ ಇರ್ನಿಲ್ಲ. ಅದನ್ನ ಕಂಡ ಒಬ್ಬ ಸರ್ವೆ ದೊರೆ, ಕನ್ನಡ ಬಲ್ಲೋನು, ಇಮಾಲಯದ ಬೆಟ್ಟದಲ್ಲಿ ಒಂದು ಕೆರೆ ಅದೆ, ಆಳ ಅಳೀಬೇಕು, ಅರಿಗೋಲು ತಕ್ಕೊಂಡು ಬಾ ಅಂದ.

ಒರಡೋವಾಗ ನನ್ ಬಾಮೈದ, "ಬಾವ, ಆ ಕೆರೆ ದಾಟ್ದೆ ಬಂದ್ರೆ ಈ ಕಡವು ನಂದು" ಅಂದ. ಆಗ್ಲಿ ಓಗ್ಲಾ ಅಂದೆ. ಕಡವು ಅಂದ್ರೆ ನನ್ನ ಅನ್ನ, ನನ್ನ ಮೀಸೆ ಎರಡೂನೂವೆ.

೨. ತೂಬು

ಓಗಿ ನೋಡಿದ್ರೆ ಸುತ್ತಾ ಬೆಳ್ಳನೆ ಬೆಟ್ಟ, ನಡುವೆ ಮಜ್ಜಿಗೆ ಬಣ್ಣದ ನೀರು. ಒಂದು ಕಡೆ ಕಲ್ಲುಮಣ್ಣಿನ ದೊಡ್ಡ ಏರಿ. ಏರಿ ಅಂದ್ಮೇಲೆ ತೂಬು ಇರ್ಲೇಬೇಕಲ್ಲ, ನಮ್ ಕಡೆ ಹದಿನಾರು ಅನ್ನೋ ಊರಿನ ಕೆರೇಗೂ ಅದೆ. ಒಪ್ಪೊತ್ತು ಉಡುಕ್ದೆ. ಯಾರ್ ಸ್ವಾಮಿ ಈ ಕೆರೆ ಕಟ್ಸಿದ್ದು, ನೀರು ಬಿಡೋ ನೀರಗಂಟಿ ಎಲ್ಲಿ ಅಂತ ದೊರೆಯ ಕೇಳ್ದೆ. ಯಾರೂ ಕಟ್ಟಿಲ್ಲ, ಮ್ಯಾಲಿಂದ ಇಮ ಜಾರ್ಕೊಂಡು ಬಂದು ಈ ಕಲ್ಲೆಲ್ಲ ತಳ್ಳಿ ಗುಡ್ಡೆ ಆಕಿ, ಆಮ್ಯಾಕೆ ಕರಗಿ ನೀರಾಯ್ತು ಅಂದ.

"ಅಂಗಾದ್ರೆ ತೂಬು ಮರ್ತದೆ ಸಾ. ನಮ್ಮ ಕಡೆ ಆಗಿದ್ರೆ ಶಾನುಭೋಗ ಬಿಡ್ತಿರ್ನಿಲ್ಲ."

೩. ಮುಳುಗು

ಒಸ ನೀರಿಗೆ ಅರಿಗೋಲು ಇಳ್ಸೋಕೆ ಮುಂಚೆ ಮೂರು ಮುಳುಗು ಆಕೋದು ನಮ್ಮ ಅಂಬಿಗರ ಪದ್ಧತಿ. ದೊರೆ ಬ್ಯಾಡ ಬ್ಯಾಡ ಅಂದ. ಗಂಗಮ್ಮನಿಗೆ ಮರ್ಯಾದೆ ಕೊಡ್ದೆ ನಾ ಉಟ್ಟು ಮುಟ್ಟಾಕಿಲ್ಲ ಅಂತ ಇಳ್ದೆ. ಒಂದೇ ಮುಳುಗಿಗೆ ಬಾಯಿ ಬಿದ್ದೋಯ್ತು. ಸುಮಾರು ದಿನ ಕಂಬಳಿ ಒಳಗೆ ಮೂಗನಂಗೆ ಬಿದ್ದಿದ್ದೆ. ಮೈಸೂರು ಬಿಟ್ಮೇಲೆ ಈಗ ಒಸಿ ನೆಮ್ಮದಿಯಾಗಿ ನಿದ್ದೆ ಬತ್ತಾ ಅದೆ ಅಂದನಂತೆ ದೊರೆ.

೪. ದಾಟಿದ್ದು

ಕಂಬಳಿಯಿಂದ ಈಚೆ ಬರೋ ಒತ್ಗೆ ಚಳಿ ಏರಿ ಕೆರೆಯೆಲ್ಲ ಗಡ್ಡೆ ಕಟ್ಕೊಂಡು ಕಲ್ಲಾಗೋಗಿತ್ತು. ದೊರೆ ಅದನ್ನೇ ಕೊರ್ದು, ತೂತಲ್ಲಿ ಅಗ್ಗ ಬಿಟ್ಟು ಆಳ ಅಳ್ದು ಮುಗ್ಸಿದ್ದ. ಅವನ ಕೆಲ್ಸ ಆಯ್ತು, ನನ್ನ ಕಡವು? ಅರಿಗೋಲು ತಲೆ ಮ್ಯಾಲೆ ಕವುಚ್ಕೊಂಡು, ಈ ದಡದಿಂದ ಆ ದಡಕ್ಕೆ ನಡ್ದೇ ದಾಟ್ಬುಟ್ಟೆ.

ಊರಿಗೆ ಬಂದು, ಕಡವಲ್ಲಿ ಜನ ಸೇರಿದಾಗ ಮೀಸೆ ತೀಡ್ಕೊಂಡು, ದಾಟ್ದೆ ಅಂದೆ.

"ಉಟ್ಟು ಆಕಿದ್ಯಾ ಬಾವ?"

"ನೀರು ಗಟ್ಟಿ ಇತ್ತು ಕಣ್ಲಾ. ನಡ್ಕೊಂಡೇ ಓದೆ."

ಬಾಮೈದ ನನ್ ಕಾಲಿಗೆ ಬಿದ್ದು ಎದ್ದು, ಅರಿಗೋಲು ಅತ್ತಿ ಕುಂತ್ಕೊಂಡು, ಕೈ ಚಾಚ್ದ.

"ನೀರ್ ಮ್ಯಾಲೆ ನಡೆಯೋ ಮಹಾತ್ಮರಿಗೆ ಅರಿಗೋಲ್ಯಾಕೆ ಬಾವ? ಉಟ್ಟು ಇತ್ತ ಕೊಡಿ. ತಾವು ಅಂಗೇ ಪಕ್ಕದಲ್ಲಿ ನಡ್ಕೊಂಡ್ ಬನ್ನಿ."