ಜೇನಿಗೆ ಕಾಕಾ ಮಾಡಿದ ಉಪಚಾರ

ಊಟಕ್ಕೆ ಒತ್ತಾಯ ಮಾಡಿ ಮಾಡಿಯೇ ಜೇನುಹುಳಗಳನ್ನು ಮನೆ ಬಿಡಿಸಿದ ಮಹಾನುಭಾವ ಭೂಮಿಯ ಮೇಲೆ ಒಬ್ಬನಿದ್ದರೆ ಅವನು ಬಾದಾಮಿಯ ನಮ್ಮ ಕಾಕಾ. ಅದೂ ಎರಡು ಸಲ!

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಈ ಕಾಕಾನ ಉಪಚಾರಕ್ಕೆ ನಮ್ಮ ಬಳಗವೆಲ್ಲ ಹೆದರುತ್ತದೆ. ಮೊದಲ ಕಪ್ಪು ಚಹಾ ಗಂಟಲಿಳಿಯುವುದರೊಳಗೆ ಎರಡನೆಯದು ಮೂಗಿನ ಕೆಳಗೆ ಬಂದಿರುತ್ತದೆ. ಮಲಗಿದವರನ್ನು ಎಬ್ಬಿಸಿ, ನಿದ್ದೆ ಹತ್ತಿತೇ ಎಂದು ವಿಚಾರಿಸುತ್ತಾನೆ. ಗುಹೆ ನೋಡಲು ಇಳಕಲ್ಲಿನಿಂದ ಬಂದ ಬೀಗರು ಗುಟ್ಟಾಗಿ ಲಾಡ್ಜು ಹಿಡಿದಿದ್ದರು. ಸುದ್ದಿ ಹೇಗೋ ಮುಟ್ಟಿತು. ಕಾಕಾ ಸಿಟ್ಟಾದನೆ? ಛೇ, ಲಾಡ್ಜಿಗೇ ಬುತ್ತಿ ಹೊತ್ತುಕೊಂಡು ಹೋದ!

ಹೀಗೆ ನೆಂಟರ ತೀವ್ರ ಅಭಾವವಿದ್ದ ಕಾಲದಲ್ಲೇ ಅವನು ಬಾಗಲಕೋಟೆಯಲ್ಲಿ ಜೇನು ಸಾಕುವ ತರಬೇತಿ ಮುಗಿಸಿ, ಹಿತ್ತಲಿಗೆ ಪೆಟ್ಟಿಗೆ ತಂದಿಟ್ಟ. ಒಳಗೆ ರಾಣಿ ಸಮೇತ ಸಾವಿರಾರು ಮಂದಿ. ನನಗೆ ಫೋನು ಮಾಡಿ, "ಇವರು ಹೋಗೂ ಪೈಕಿ ಅಲ್ಲ ತಗೊ. ಮನಿ ಮಾಡ್ಕೊಂಡು ಇರೂ ಮಂದಿ" ಎಂದ.

ತರಬೇತಿಯಲ್ಲಿ ಕಲಿತದ್ದನ್ನು ಕಂಡವರಿಗೆಲ್ಲ ಹಂಚಿದ. ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಇರುವೆ ಹತ್ತುವುದಿಲ್ಲ. ಕುಡಿಯುವ ನೀರಿನ ತಟ್ಟೆಗೆ ಹರಳು ಹಾಕಿ, ಹುಳ ಮುಳುಗುವುದಿಲ್ಲ. ಅತ್ತರು ಬಳಿದುಕೊಂಡು ಹತ್ತಿರ ಹೋಗಬೇಡಿ. ಪದೇ ಪದೇ ಮುಚ್ಚಳ ತೆಗೆಯಬೇಡಿ. ಕೊನೆಯದೊಂದನ್ನು ಬಿಟ್ಟು ಎಲ್ಲವನ್ನೂ ತಾನೂ ಪಾಲಿಸಿದ. ಹೌದಲ್ಲ, ಮನೆಗೆ ಬಂದವರನ್ನು ಮಾತಾಡಿಸದೆ ಇರುವುದೆಂದರೇನು? ಮುಂಜಾನೆ ಮುಚ್ಚಳ ತೆಗೆದು "ನಿದ್ದಿ ಆತೇನ್ರಿ?" ಸಂಜೆ ತೆಗೆದು "ಊಟಾತೇನ್ರಿ?" ಹುಟ್ಟಿದಾಗಿನಿಂದ ನನ್ನನ್ನು 'ಲೇ' ಎಂದೇ ಕರೆದವನು!

ಊರ ಸುತ್ತ ಸೂರ್ಯಕಾಂತಿ ಅರಳಿ ನಿಂತಿದ್ದರೂ, ಹಸಿದಿರಬೇಕೆಂದು ಸಕ್ಕರೆ ಪಾಕ ಎರೆದ. ಅದರ ವಾಸನೆಗೆ ಓಣಿಯ ಕಣಜದ ಹುಳಗಳೆಲ್ಲ ಕರೆಯದೆ ಪಂಕ್ತಿಗೆ ಬಂದು ಕುಳಿತವು. ಪೆಟ್ಟಿಗೆಯವರು ಕಾಕಾನ ಮುಖಕ್ಕೇ ಕುಟುಕಿ ತಮ್ಮ ಅಭಿಪ್ರಾಯ ತಿಳಿಸಿದರು. ಎರಡೂ ಕಣ್ಣು ಮುಚ್ಚುವಂತೆ ಊದಿದ ಮುಖದಲ್ಲಿ ಅವನು ಹೇಳಿದ್ದು, "ಸಲಿಗಿ ಬೆಳದದ."

ಕಡೆಗೊಂದು ಮಧ್ಯಾಹ್ನ ದಂಡು ದಂಡೇ ಎದ್ದು ಚೊಳಚಗುಡ್ಡದ ದಿಕ್ಕಿಗೆ ಹೊರಟುಹೋಯಿತು. ಕಾಕಾ ಸ್ಕೂಟರಿನ ಮೇಲೆ ಬೆನ್ನು ಹತ್ತಿದ. ಏನು ತಪ್ಪಾಯಿತೆಂದು ಕೇಳಲಿಕ್ಕಂತೆ! ಎರಡನೆಯ ಸಲ ತಂದ ಕುಟುಂಬ ಇನ್ನೂ ಬೇಗ ಹೋಯಿತು. ಉಪಚಾರವೂ ದುಪ್ಪಟ್ಟಾಗಿತ್ತಲ್ಲ.

ಮೂರನೆಯ ಪೆಟ್ಟಿಗೆ ಬಂದ ದಿನ ಕಾಕು ಅದಕ್ಕೆ ಅಡ್ಡ ನಿಂತು ಗಂಡನಿಗೆ ಹೇಳಿದಳು: "ಇವೂ ಹೋದ್ರ ಈ ಮನಿಗೆ ಇನ್ನ ಪೆಟಗಿ ಬರೂದಿಲ್ಲ. ಅವನ್ನ ಅವುಗಳ ಪಾಡಿಗೆ ಬಿಡ್ರಿ."

ಅಂದಿನಿಂದ ಕಾಕಾ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಮಾರು ದೂರದ ಕಲ್ಲಿನ ಮೇಲೆ ಕೂರತೊಡಗಿದ. ಬಾದಾಮಿಯ ಕೆಂಪುಗಲ್ಲು ಕಾದು ರೊಟ್ಟಿ ಹಂಚಾಗುವ ಕಾಲ. ಪೆಟ್ಟಿಗೆಗೆ ಹಸಿ ಗೋಣಿ ಹೊದಿಸುವುದು, ತಟ್ಟೆಗೆ ನೀರು ತುಂಬುವುದು, ಅಷ್ಟೇ ಅವನಿಗೆ ಬಿಟ್ಟ ಕೆಲಸ. ತುಟಿ ಮಾತ್ರ ಸದ್ದಿಲ್ಲದೆ ಅಲ್ಲಾಡುತ್ತಿತ್ತು ಎಂದು ಕಾಕು ನಗುತ್ತಾಳೆ.

ಮಳೆ ಶುರುವಾದ ಮೇಲೆ ಮಹಾಕೂಟಕ್ಕೆ ಹೋದ ನಾನು, ಅರ್ಧ ಗಂಟೆ ಮೀರಕೂಡದೆಂದು ಶಪಥ ಮಾಡಿಕೊಂಡು ಅವನ ಮನೆ ಹೊಕ್ಕೆ. ಆಶ್ಚರ್ಯ, ಒಂದೇ ಕಪ್ಪು ಚಹಾ ಬಂತು. ಸಂಜೆಯ ಬಸ್ಸಿಗೆಂದು ಚೀಲ ಹೆಗಲಿಗೇರಿಸಿದಾಗ ಕಾಕಾ ಸನ್ನೆ ಮಾಡಿ ಹಿತ್ತಲಿಗೆ ಕರೆದು, ಪೆಟ್ಟಿಗೆಗೆ ಕಿವಿ ಕೊಡಲು ಹೇಳಿದ. ಒಳಗೆ ತುಂಬಿದ ಮನೆಯ ಗುಂಯ್‌ಗುಡುವ ಸದ್ದು.

"ಬ್ಯಾಸಗಿ ಪೂರಾ ಇದ್ರು," ಎಂದು ಪಿಸುಗುಟ್ಟಿದ. "ನಾ ಒಮ್ಮಿನೂ ಮಾತಾಡಸಲಿಲ್ಲ." ನೀರಿನ ತಟ್ಟೆಗೆ ಬಿದ್ದಿದ್ದ ಎಲೆ ತೆಗೆದು ಹಾಕಿದ. "ಬಂದವರು ಯಾಕ ನಿಲ್ಲೂದಿಲ್ಲ ಅನ್ನೂದು ನನಗ ಇಷ್ಟು ದಿನ ಗೊತ್ತ ಆಗಿದ್ದಿಲ್ಲ ಲೇ."

ನಾನು ಚೀಲ ಇಳಿಸಿ ಕಟ್ಟೆಯ ಮೇಲಿಟ್ಟೆ. ಇವತ್ತು ಇಲ್ಲೇ ಇರುತ್ತೇನೆ ಎಂದೆ.

ಕಾಕಾನ ಬಾಯಿ ತೆರೆಯಿತು, ಹಾಗೆಯೇ ಮುಚ್ಚಿಕೊಂಡಿತು. ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು ಬೆನ್ನ ಹಿಂದೆ ಕೈ ಕಟ್ಟಿಕೊಂಡ, ಮಾತಾಡಿಸಿದರೆ ನಾನೂ ಎಲ್ಲಿ ಹಾರಿಬಿಡುತ್ತೇನೋ ಎಂದು.